ಕೈಯ ನರ ಕೂಡುತ್ತೆ, ಬೆನ್ನುಹುರಿ ಯಾಕೆ ಕೂಡಲ್ಲ? ಪ್ರೋಟೀನ್‌ಗಳ ಲೆಕ್ಕ ಬಿಡಿಸಿ ಹೇಳ್ತೀರಾ

ತುಂಗಾತೀರ

ಮುಂಗೈಯ ನರ ತುಂಡಾದರೆ ಸರ್ಜನ್ ಎರಡು ತುದಿ ಸೇರಿಸಿ ಹೊಲಿಯುತ್ತಾರೆ, ದಿನಕ್ಕೆ ಸುಮಾರು 1 ಮಿ.ಮೀ. ಲೆಕ್ಕದಲ್ಲಿ ಆಕ್ಸಾನ್ (ನರಕೋಶದ ಉದ್ದನೆಯ ಎಳೆ) ಬೆಳೆದುಕೊಂಡು ಹೋಗುತ್ತೆ. ಬೆನ್ನುಹುರಿಯಲ್ಲಿ ತುಂಡಾದ ಆಕ್ಸಾನ್ ಗಾಯದ ಅಂಚಿನಲ್ಲೇ ತುದಿ ಊದಿಸಿಕೊಂಡು ನಿಂತುಬಿಡುತ್ತೆ. ನಮ್ಮ ಪಠ್ಯಪುಸ್ತಕಗಳು "ಕೇಂದ್ರ ನರಮಂಡಲಕ್ಕೆ ಪುನರುತ್ಪತ್ತಿ ಶಕ್ತಿ ಇಲ್ಲ" ಅಂತ ಒಂದು ಸಾಲು ಬರೆದು ಕೈ ತೊಳೆದುಕೊಳ್ಳುತ್ತವೆ.

ಶಕ್ತಿಯೇ ಇಲ್ಲವೋ, ಇದ್ದ ಶಕ್ತಿಯನ್ನು ಯಾರೋ ತಡೆದಿದ್ದಾರೋ? ನೋಗೋ ಎಂಬ ಪ್ರೋಟೀನ್ ತಡೆಯುತ್ತೆ ಅಂತ ಒಂದು ಕಡೆ, ಪಿಟೆನ್ ಎಂಬ ಇನ್ನೊಂದು ಪ್ರೋಟೀನ್ ತೆಗೆದರೆ ಬೆಳೆಯುತ್ತೆ ಅಂತ ಇನ್ನೊಂದು ಕಡೆ, ಗಾಯದ ಕಲೆಯೇ ಕಾರಣ ಅಂತ ಮತ್ತೊಂದು ಕಡೆ ಓದಿದೆ. ಇವೆಲ್ಲ ಒಂದೇ ದಾರಿಯ ಬೇರೆ ಬೇರೆ ಮೆಟ್ಟಿಲೋ, ಬೇರೆ ಬೇರೆ ದಾರಿಗಳೋ ಗೊತ್ತಾಗುತ್ತಿಲ್ಲ. ಇಲಿಗಳಲ್ಲಿ ಇಷ್ಟು ವರ್ಷದಿಂದ "ಯಶಸ್ವಿ" ಆಗಿರುವುದು ಮನುಷ್ಯರಿಗೆ ಯಾಕೆ ಬಂದಿಲ್ಲ ಅನ್ನುವುದೂ ಬೇಕು. ಜೀವಕೋಶ, ಮೈಲಿನ್, ರಿಸೆಪ್ಟರ್ ಅಂದರೆ ಏನು ಅಂತ ಗೊತ್ತಿರುವವರಿಗೆ ಹೇಳುವ ಹಾಗೆ ಹೇಳಿ ಸಾಕು.

ಕೋಶಕೇಂದ್ರ

ಶಕ್ತಿ ಇಲ್ಲ ಅನ್ನುವುದು ತಪ್ಪು. 1981ರಲ್ಲಿ ಮಾಂಟ್ರಿಯಲ್‌ನಲ್ಲಿ ಡೇವಿಡ್ ಮತ್ತು ಆಗ್ವಾಯೊ ಇಲಿಯ ಕಾಲಿನ ನರದ ತುಂಡನ್ನು ಮೆದುಳಿನ ಬುಡದಿಂದ ಬೆನ್ನುಹುರಿಗೆ ಸೇತುವೆ ಹಾಗೆ ಜೋಡಿಸಿದರು. ಬೆಳೆಯುವುದೇ ಇಲ್ಲ ಅಂದುಕೊಂಡಿದ್ದ ಆಕ್ಸಾನ್‌ಗಳು ಅದರೊಳಗೆ ಸುಮಾರು 3 ಸೆಂ.ಮೀ. ಬೆಳೆದವು. ಸೇತುವೆ ದಾಟಿ ಮತ್ತೆ ಬೆನ್ನುಹುರಿಗೆ ಕಾಲಿಟ್ಟ ಕೂಡಲೇ ನಿಂತವು. ಅಂದರೆ ನೆಲದಲ್ಲಿ, ಆಕ್ಸಾನ್ ಸುತ್ತಲಿನ ಪರಿಸರದಲ್ಲಿ, ತೊಂದರೆ ಇದೆ ಅನ್ನುವುದು ಅವತ್ತೇ ಖಚಿತವಾಯಿತು. ಬೀಜದಲ್ಲೂ, ನರಕೋಶದ ಒಳಗೂ, ತೊಂದರೆ ಇದೆ ಅನ್ನುವುದು ಆಮೇಲೆ ತಿಳಿಯಿತು. ನಾನು ಬೀಜದ ಭಾಗ ಹೇಳ್ತೀನಿ, ನೆಲದ ಭಾಗ ಬೇರೆಯವರು ಹೇಳಲಿ.

ಇದಕ್ಕೆ ಅತ್ಯಂತ ಒಳ್ಳೆಯ ಉದಾಹರಣೆ ಡಾರ್ಸಲ್ ರೂಟ್ ಗ್ಯಾಂಗ್ಲಿಯಾನ್‌ನ (ಬೆನ್ನುಹುರಿಯ ಪಕ್ಕದಲ್ಲಿರುವ ನರಕೋಶಗಳ ಗಂಟು) ಸಂವೇದನಾ ನರಕೋಶ. ಒಂದೇ ಕೋಶ, ಎರಡು ಕೊಂಬೆ: ಒಂದು ಕಾಲಿಗೆ, ಇನ್ನೊಂದು ಬೆನ್ನುಹುರಿಯೊಳಗೆ. ಕಾಲಿನ ಕೊಂಬೆ ಕತ್ತರಿಸಿದರೆ ಕೋಶ ಎಚ್ಚರಗೊಳ್ಳುತ್ತೆ. ಬೆನ್ನುಹುರಿಯ ಕೊಂಬೆ ಕತ್ತರಿಸಿದರೆ ಅದಕ್ಕೆ ಗಾಯವಾದದ್ದೇ ಗೊತ್ತಿಲ್ಲವೇನೋ ಅನ್ನುವ ಹಾಗೆ ಸುಮ್ಮನಿರುತ್ತೆ. ಆದರೆ ಕಾಲಿನ ಕೊಂಬೆಯನ್ನು ಒಂದು ವಾರ ಮೊದಲೇ ಕತ್ತರಿಸಿ, ಆಮೇಲೆ ಬೆನ್ನುಹುರಿಯ ಕೊಂಬೆ ಕತ್ತರಿಸಿದರೆ ಅದೂ ಗಾಯದೊಳಗೆ ಬೆಳೆಯುತ್ತೆ. 1999ರಲ್ಲಿ ನ್ಯೂಮನ್ ಮತ್ತು ವೂಲ್ಫ್ ತೋರಿಸಿದ್ದು ಇದನ್ನೇ. ಎರಡೂ ಒಂದೇ ದಿನ ಮಾಡಿದರೆ ಇಷ್ಟು ಫಲ ಸಿಗಲ್ಲ. ಕೋಶಕ್ಕೆ ತಯಾರಾಗಲು ಸಮಯ ಬೇಕು.

ಆ ತಯಾರಿಯ ಒಳಗೆ ನಡೆಯುವುದು ಹೀಗೆ. ಪೊರೆ ಹರಿದ ಕೂಡಲೇ ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗುತ್ತೆ. ಕ್ಯಾಲ್ಪೇನ್ ಎಂಬ ಕಿಣ್ವ ಕೋಶದೊಳಗಿನ ಅಸ್ಥಿಪಂಜರದ ಪ್ರೋಟೀನ್‌ಗಳನ್ನು ಕತ್ತರಿಸಿ ಹೊಸ ತುದಿಗೆ ಜಾಗ ಮಾಡುತ್ತೆ. ಅದು ಮಿತಿ ಮೀರಿದರೆ ಆಕ್ಸಾನನ್ನೇ ಕೊಲ್ಲುತ್ತೆ. ಗಾಯದ ಜಾಗದಲ್ಲಿ ಡಿಎಲ್‌ಕೆ ಎಂಬ ಕೈನೇಸ್ (ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ) ಚುರುಕಾಗುತ್ತೆ. ಅಲ್ಲೇ ಇದ್ದ ಎಂಆರ್‌ಎನ್‌ಎಯಿಂದ ಇಂಪೋರ್ಟಿನ್-ಬೀಟಾ ಎಂಬ ಪ್ರೋಟೀನ್ ಸ್ಥಳದಲ್ಲೇ ತಯಾರಾಗುತ್ತೆ. ಇದು ಸುದ್ದಿಯ ಪ್ರೋಟೀನ್‌ಗಳನ್ನು ಸರಕು ಹೊರುವ ಡೈನೀನ್ ಮೋಟಾರ್ ಪ್ರೋಟೀನಿಗೆ ಕಟ್ಟಿ ನ್ಯೂಕ್ಲಿಯಸ್ಸಿಗೆ ಕಳಿಸುತ್ತೆ. ಸುದ್ದಿ ತಲುಪಿದ ಮೇಲೆ ಎಟಿಎಫ್3, ಸಿ-ಜುನ್, ಸ್ಟ್ಯಾಟ್3, ಸಾಕ್ಸ್11 ಎಂಬ ಪ್ರೋಟೀನ್‌ಗಳು ಸೇರಿ ಬೆಳವಣಿಗೆಯ ಜೀನ್‌ಗಳನ್ನು ತೆರೆಯುತ್ತವೆ. ಗ್ಯಾಪ್-43, ಆರ್ಜಿನೇಸ್-1 ಇತ್ಯಾದಿ ಆ ಪಟ್ಟಿಯವು. ಗ್ಯಾಪ್-43 ಒಂದನ್ನೇ ಹೆಚ್ಚಿಸಿ ನೋಡಿದವರಿಗೆ ಉದ್ದದ ಬೆಳವಣಿಗೆ ಸಿಗಲಿಲ್ಲ. ಕ್ಯಾಪ್-23 ಎಂಬ ಇನ್ನೊಂದು ಪ್ರೋಟೀನ್ ಜೊತೆಗೂಡಿದಾಗ ಸಿಕ್ಕಿತು (2001). ಒಬ್ಬ ಆಳಿನಿಂದ ತೇರು ಎಳೆಯಲಾಗದು.

ಪಿಟೆನ್ ವಿಷಯ ಬೇರೆ ಸಾಲು. ಬೆಳವಣಿಗೆಯ ಸಂಕೇತ ಬಂದಾಗ ಪಿಐ3-ಕೈನೇಸ್ ಪೊರೆಯಲ್ಲಿ ಪಿಐಪಿ3 ಎಂಬ ಕೊಬ್ಬಿನ ಅಣು ತಯಾರಿಸುತ್ತೆ, ಅದು ಎಕೆಟಿಯನ್ನು, ಎಕೆಟಿ ಎಂಟಾರನ್ನು ಎಬ್ಬಿಸುತ್ತೆ, ಎಂಟಾರ್ ಪ್ರೋಟೀನ್ ತಯಾರಿಕೆಯ ವೇಗ ಏರಿಸುತ್ತೆ. ಪಿಟೆನ್ ಮಾಡುವ ಕೆಲಸ ಪಿಐಪಿ3ಯನ್ನು ಅಳಿಸುವುದು. ಮೆದುಳಿನಿಂದ ಬೆನ್ನುಹುರಿಗಿಳಿಯುವ ಕಾರ್ಟಿಕೋಸ್ಪೈನಲ್ ಕೋಶಗಳಲ್ಲಿ ವಯಸ್ಸಾದಂತೆ ಎಂಟಾರ್ ಚಟುವಟಿಕೆ ಇಳಿಯುತ್ತೆ, ಗಾಯವಾದ ಮೇಲೆ ಇನ್ನೂ ಇಳಿಯುತ್ತೆ. 2008ರಲ್ಲಿ ಕಣ್ಣಿನ ನರದಲ್ಲಿ, 2010ರಲ್ಲಿ ಬೆನ್ನುಹುರಿಯಲ್ಲಿ ಪಿಟೆನ್ ತೆಗೆದಾಗ ಆಕ್ಸಾನ್‌ಗಳು ಗಾಯ ದಾಟಿದವು. ಗಾಯವಾಗಿ 1 ವರ್ಷದ ನಂತರ ತೆಗೆದರೂ ಇಲಿಮರಿಯಂಥ ಚಿಕ್ಕ ಇಲಿ, ಅಂದರೆ ಮೌಸ್‌ನಲ್ಲಿ, ಒಂದಿಷ್ಟು ಬೆಳವಣಿಗೆ ಕಂಡಿದೆ (2015). ಎಸ್‌ಓಸಿಎಸ್3 ಎಂಬುದು ಸ್ಟ್ಯಾಟ್3ಗೆ ಹಾಕಿದ ಬ್ರೇಕ್. ಪಿಟೆನ್ ಜೊತೆ ಅದನ್ನೂ ತೆಗೆದರೆ ಕಣ್ಣಿನ ನರದಲ್ಲಿ ಬೆಳವಣಿಗೆ ಇನ್ನಷ್ಟು ಕಾಲ ಮುಂದುವರಿಯುತ್ತೆ (2011). ಹಾಗಾಗಿ ನಿಮ್ಮ ಪ್ರಶ್ನೆಗೆ: ಸ್ಟ್ಯಾಟ್3, ಎಂಟಾರ್ ಎರಡು ಬೇರೆ ದಾರಿ. ಒಂದು ಯಾವ ಪ್ರೋಟೀನ್ ಬೇಕು ಅಂತ ಹೇಳುತ್ತೆ, ಇನ್ನೊಂದು ಎಷ್ಟು ಬೇಗ ಬೇಕು ಅಂತ ಹೇಳುತ್ತೆ.

ಆದರೆ ಪಿಟೆನ್ ಕ್ಯಾನ್ಸರ್ ತಡೆಯುವ ಜೀನ್. ಇಡೀ ದೇಹದಲ್ಲಿ ಅದನ್ನು ತಡೆಯುವ ಮಾತ್ರೆ ಕೊಡುವ ಮಾತೇ ಇಲ್ಲ. ನರಕೋಶಕ್ಕೆ ಮಾತ್ರ ತಲುಪಬೇಕು, ಕೆಲಸವಾದ ಮೇಲೆ ನಿಲ್ಲಬೇಕು. ನಿಲ್ಲದಿದ್ದರೆ ಕೋಶದ ಒಡಲು ಊದಿಕೊಳ್ಳುತ್ತೆ.

ಹುರಿಗಂಟು

ನೆಲದ ಭಾಗ ನನ್ನದು. ಮೊದಲು ಕೈಕಾಲಿನ ನರದ ನೆಲ ಹೇಗಿರುತ್ತೆ ನೋಡಿ. ತುಂಡಾದ ಮೇಲೆ, ಅಲ್ಲಿನ ಆಕ್ಸಾನ್‌ಗೆ ಮೈಲಿನ್ ಸುತ್ತುವ ಶ್ವಾನ್ ಕೋಶಗಳು ಸಿ-ಜುನ್ ಏರಿಸಿಕೊಂಡು ತಮ್ಮ ಮೈಲಿನ್ ಕೆಲಸ ಬಿಟ್ಟು ರಿಪೇರಿ ಕೋಶಗಳಾಗುತ್ತವೆ. ಹಳೆ ಮೈಲಿನ್ ತಿಂದು ಮುಗಿಸುತ್ತವೆ, ಕಸ ತಿನ್ನುವ ಮ್ಯಾಕ್ರೋಫೇಜ್ ಕೋಶಗಳನ್ನು ಕರೆಯುತ್ತವೆ, ಸಾಲಾಗಿ ನಿಂತು ದಾರಿ ಮಾಡುತ್ತವೆ, ಜಿಡಿಎನ್‌ಎಫ್, ಬಿಡಿಎನ್‌ಎಫ್ ಎಂಬ ನರ ಬೆಳೆಸುವ ಪ್ರೋಟೀನ್‌ಗಳನ್ನು ಸುರಿಸುತ್ತವೆ. ವಾರಗಳಲ್ಲಿ ಅಂಗಳ ಗುಡಿಸಿ ಆಗಿರುತ್ತೆ. ಬೆನ್ನುಹುರಿಯಲ್ಲಿ ಮೈಲಿನ್ ಸುತ್ತುವ ಆಲಿಗೊಡೆಂಡ್ರೊಸೈಟ್ ಕೋಶಕ್ಕೆ ಈ ವೇಷ ಬದಲಿಸುವ ವಿದ್ಯೆ ಇಲ್ಲ. ಮೈಲಿನ್ ಕಸ ತಿಂಗಳುಗಟ್ಟಲೆ, ಮನುಷ್ಯರಲ್ಲಿ ವರ್ಷಗಟ್ಟಲೆ, ಬಿದ್ದಿರುತ್ತೆ.

ಆ ಕಸದಲ್ಲಿರುವುದೇ ನೋಗೋ-ಎ, ಎಂಎಜಿ, ಓಎಂಜಿಪಿ ಎಂಬ ಮೂರು ತಡೆ. 1980ರ ದಶಕದ ಕೊನೆಯಲ್ಲಿ ಜ್ಯೂರಿಕ್‌ನ ಮಾರ್ಟಿನ್ ಶ್ವಾಬ್ ತಂಡ ಮೈಲಿನ್‌ನಲ್ಲಿ ತಡೆ ಇದೆ ಅಂತ ತೋರಿಸಿ ಅದರ ವಿರುದ್ಧ ಐಎನ್-1 ಎಂಬ ಆಂಟಿಬಾಡಿ ಮಾಡಿತು. 2000ದಲ್ಲಿ ಮೂರು ತಂಡಗಳು ಒಟ್ಟಿಗೆ ಜೀನ್ ಪತ್ತೆ ಮಾಡಿದವು. ನೋಗೋದ 66 ಅಮೈನೊ ಆಮ್ಲಗಳ ಒಂದು ಕೊಕ್ಕೆ ಆಕ್ಸಾನ್ ಮೇಲಿನ ಎನ್‌ಜಿಆರ್1 ರಿಸೆಪ್ಟರಿಗೆ ಸಿಕ್ಕಿಕೊಳ್ಳುತ್ತೆ. ಎಂಎಜಿ, ಓಎಂಜಿಪಿ ಕೂಡ ಅದಕ್ಕೇ ಸಿಕ್ಕಿಕೊಳ್ಳುತ್ತವೆ. ತಮಾಷೆ ಏನೆಂದರೆ ಎನ್‌ಜಿಆರ್1ಗೆ ಕೋಶದ ಒಳಗೆ ಚಾಚಿದ ಬಾಲವೇ ಇಲ್ಲ, ಪೊರೆಯ ಹೊರಗೆ ಅಂಟಿಕೊಂಡಿರುತ್ತೆ ಅಷ್ಟೆ. ಒಳಗೆ ಸುದ್ದಿ ಮುಟ್ಟಿಸಲು ಪಿ75 ಅಥವಾ ಟ್ರಾಯ್, ಜೊತೆಗೆ ಲಿಂಗೋ-1 ಎಂಬ ಜೊತೆಗಾರ ಪ್ರೋಟೀನ್‌ಗಳು ಬೇಕು. ಸುದ್ದಿ ಮುಟ್ಟಿದ ಮೇಲೆ ರೋ-ಎ ಎಂಬ ಸ್ವಿಚ್ ಪ್ರೋಟೀನ್ ಚುರುಕಾಗುತ್ತೆ, ಅದು ರಾಕ್ ಎಂಬ ಕೈನೇಸನ್ನು ಎಬ್ಬಿಸುತ್ತೆ, ಆಕ್ಟಿನ್-ಮಯೋಸಿನ್ ಬಿಗಿದುಕೊಂಡು ಬೆಳೆಯುವ ತುದಿ ಮುದುಡುತ್ತೆ.

ಎರಡನೇ ತಡೆ ಗಾಯದ ಕಲೆಯಲ್ಲಿ ಸೇರುವ ಕಾಂಡ್ರಾಯ್ಟಿನ್ ಸಲ್ಫೇಟ್ ಪ್ರೋಟಿಯೊಗ್ಲೈಕನ್‌ಗಳು, ಚಿಕ್ಕದಾಗಿ ಸಿಎಸ್‌ಪಿಜಿ. ಪ್ರೋಟೀನ್ ಕಡ್ಡಿಗೆ ಉದ್ದುದ್ದ ಸಕ್ಕರೆ ಸರಪಳಿ ಅಂಟಿರುತ್ತೆ. ಆಕ್ಸಾನ್ ಮೇಲಿನ ಪಿಟಿಪಿ-ಸಿಗ್ಮ ಎಂಬ ರಿಸೆಪ್ಟರ್ ಇದನ್ನು ಹಿಡಿಯುತ್ತೆ (2009ರಲ್ಲಿ ಗೊತ್ತಾಯಿತು). ಪ್ರೋಟಿಯಸ್ ವಲ್ಗಾರಿಸ್ ಬ್ಯಾಕ್ಟೀರಿಯಾದ ಕಾಂಡ್ರಾಯ್ಟಿನೇಸ್ ಎಬಿಸಿ ಎಂಬ ಕಿಣ್ವ ಆ ಸಕ್ಕರೆಯನ್ನು ಕತ್ತರಿಸುತ್ತೆ. 2002ರಲ್ಲಿ ಇಲಿಗಳಿಗೆ ಕೊಟ್ಟಾಗ ಆಕ್ಸಾನ್ ಬೆಳೆದವು, ನಡಿಗೆಯೂ ಸುಧಾರಿಸಿತು.

ಈಗ ನನ್ನ ತಕರಾರು. ನೋಗೋಗೆ ಸಿಕ್ಕ ಹೆಸರು ಅದರ ಕೆಲಸಕ್ಕಿಂತ ದೊಡ್ಡದು. 2003ರಲ್ಲಿ ಮೂರು ತಂಡಗಳು ನೋಗೋ ಇಲ್ಲದ ಮೌಸ್ ತಯಾರಿಸಿದವು. ಒಂದರಲ್ಲಿ ಆಕ್ಸಾನ್ ಚೆನ್ನಾಗಿ ಬೆಳೆಯಿತು, ಇನ್ನೊಂದರಲ್ಲಿ ಸ್ವಲ್ಪ, ಮೂರನೆಯದರಲ್ಲಿ ಇಲ್ಲವೇ ಇಲ್ಲ. 2010ರಲ್ಲಿ ಮೂರೂ ತಡೆಗಳನ್ನು ಒಟ್ಟಿಗೆ ತೆಗೆದ ಮೌಸ್ ಬಂತು. ಆಗಲೂ ಎರಡು ತಂಡ, ಎರಡು ಉತ್ತರ. ನೋಗೋ ತಡೆದಾಗ ಕಾಣುವುದರಲ್ಲಿ ದೊಡ್ಡ ಪಾಲು ಉಳಿದ ಆಕ್ಸಾನ್‌ಗಳ ಅಕ್ಕಪಕ್ಕದ ಕವಲೊಡೆತ. ತುಂಡಾದದ್ದು ಉದ್ದಕ್ಕೆ ಬೆಳೆದದ್ದಲ್ಲ. ಇದು ಕೀಳು ಅಂತ ಅಲ್ಲ, ಕೈಬೆರಳು ಆಡಿಸಲು ಕವಲೂ ಉಪಯೋಗಕ್ಕೆ ಬರುತ್ತೆ. ಆದರೆ ಹೆಸರು ಸರಿಯಾಗಿ ಹೇಳಬೇಕು.

ಕಲೆಯನ್ನು ಖಳನಾಯಕ ಮಾಡುವುದನ್ನೂ ನಿಲ್ಲಿಸಬೇಕು. 2016ರಲ್ಲಿ ಸೊಫ್ರೊನ್ಯೂ ತಂಡ ಆಸ್ಟ್ರೋಸೈಟ್ ಎಂಬ ಬೆಂಬಲ ಕೋಶಗಳಿಂದ ಕಲೆ ಆಗದಂತೆ ತಡೆದು ನೋಡಿತು. ಆಕ್ಸಾನ್ ಬೆಳೆಯಲಿಲ್ಲ, ಇನ್ನಷ್ಟು ಹಿಂದೆ ಸರಿದವು. ಕಲೆ ಇದ್ದು, ಮೇಲೆ ಕೋಶಕೇಂದ್ರ ಹೇಳಿದ ಮುಂಚಿತ ಗಾಯವೂ ನರ ಬೆಳೆಸುವ ಎನ್‌ಟಿ-3, ಬಿಡಿಎನ್‌ಎಫ್ ತುಂಬಿದ ಜೆಲ್ಲೂ ಸೇರಿದಾಗ ಕಲೆಯನ್ನೇ ಹಾದು ಬೆಳೆದವು. ಅದೇ ವರ್ಷ ಜೀಬ್ರಾಮೀನಿನ ಫಲಿತಾಂಶವೂ ಬಂತು. ಅದು ತುಂಡಾದ ಬೆನ್ನುಹುರಿಯನ್ನು 6ರಿಂದ 8 ವಾರದಲ್ಲಿ ಕೂಡಿಸಿಕೊಂಡು ಈಜುತ್ತೆ. ಗ್ಲಿಯಾ ಕೋಶಗಳೇ (ನರಕೋಶಗಳ ಬೆಂಬಲ ಕೋಶಗಳು, ಆಸ್ಟ್ರೋಸೈಟ್ ಇದರಲ್ಲೊಂದು) ಗಾಯದ ಅಡ್ಡಕ್ಕೆ ಸೇತುವೆ ಕಟ್ಟುತ್ತವೆ. ಅದಕ್ಕೆ ಬೇಕಾದ ಪ್ರೋಟೀನ್ ಸಿಟಿಜಿಎಫ್-ಎ. ಅದೇ ಗ್ಲಿಯಾ ವಂಶ, ಮೀನಿನಲ್ಲಿ ಸೇತುವೆ, ನಮ್ಮಲ್ಲಿ ಗೋಡೆ.

ತುಂಗಾತೀರ

ಇಬ್ಬರಿಗೂ ಧನ್ಯವಾದ. ಕಾಂಡ್ರಾಯ್ಟಿನೇಸ್ 2002ರಿಂದಲೇ ಇದೆ ಅಂದರೆ ಇಷ್ಟು ವರ್ಷ ಅದನ್ನು ಕೊಡಲು ಏನು ಅಡ್ಡಿ? ಇನ್ನೊಂದು: ಒಂದು ತಂಡಕ್ಕೆ ಬೆಳೆದದ್ದು ಕಂಡು ಇನ್ನೊಂದಕ್ಕೆ ಕಾಣದೆ ಇರುವುದು ಹೇಗೆ? ಬೆಳೆಯಿತೋ ಇಲ್ಲವೋ ಅನ್ನುವುದು ಕಣ್ಣಿಗೆ ಕಾಣುವ ವಿಷಯ ಅಲ್ಲವೇ?

ಸ್ಲೈಡ್‌ಪೆಟ್ಟಿಗೆ

ಎರಡನೇ ಪ್ರಶ್ನೆಯೇ ಮುಖ್ಯವಾದದ್ದು. ಕಣ್ಣಿಗೆ ಕಾಣುತ್ತೆ, ಆದರೆ ಕಣ್ಣೇ ಮೋಸ ಮಾಡುತ್ತೆ.

ಕಾರ್ಟಿಕೋಸ್ಪೈನಲ್ ಆಕ್ಸಾನ್ ಗುರುತಿಸುವ ಹಳೆ ದಾರಿ: ಮೆದುಳಿನಲ್ಲಿ ಚಲನೆ ನಡೆಸುವ ಮೋಟಾರ್ ಕಾರ್ಟೆಕ್ಸ್‌ಗೆ 10% ಬಿಡಿಎ ಬಣ್ಣದ ಹಲವು ಚುಚ್ಚು, ಸುಮಾರು 2 ವಾರ ಕಾಯುವುದು, ಆಮೇಲೆ ಬೆನ್ನುಹುರಿಯ ಉದ್ದುದ್ದ ಸೀಳು ನೋಡುವುದು. ಗಾಯದ ಆಚೆ ಬಣ್ಣ ಕಂಡರೆ "ಬೆಳೆಯಿತು" ಅಂತ ಬರೆಯುತ್ತಾರೆ. ಆದರೆ ಇಲಿ, ಮೌಸ್‌ಗಳಲ್ಲಿ ಈ ದಾರಿಯ ಬಹುಪಾಲು ಹಿಂಬದಿಯಲ್ಲಿದ್ದರೂ ಸಣ್ಣ ಪಾಲು ಪಕ್ಕದಲ್ಲಿ ಇಳಿಯುತ್ತೆ. ಹಿಂದಿನ ಅರ್ಧ ಕತ್ತರಿಸಿದೆ ಅಂದುಕೊಂಡಾಗ ಬ್ಲೇಡು ಅರ್ಧ ಮಿ.ಮೀ. ಮೇಲೆ ನಿಂತಿದ್ದರೂ ಸಾಕು, ಕತ್ತರಿಸದೆ ಉಳಿದ ಆಕ್ಸಾನ್ "ಹೊಸದಾಗಿ ಬೆಳೆದ" ಆಕ್ಸಾನ್ ಆಗಿಬಿಡುತ್ತೆ. 2003ರಲ್ಲಿ ಆಸ್ವಾಲ್ಡ್ ಸ್ಟೀವರ್ಡ್ ಮತ್ತು ಸಂಗಡಿಗರು ಈ ಸುಳ್ಳು ಪುನರ್ಜನ್ಮಗಳನ್ನು ಹಿಡಿಯುವ ಲಕ್ಷಣಗಳನ್ನೇ ಪಟ್ಟಿ ಮಾಡಿದರು.

ಹೊಸದಾಗಿ ಬೆಳೆದದ್ದು ಕತ್ತರಿಸಿದ ತುದಿಯಿಂದ ಶುರುವಾಗಿ, ಗಾಯದ ಅಂಗಾಂಶದ ಮೂಲಕ, ಸೊಟ್ಟಸೊಟ್ಟಾಗಿ, ಮಾಮೂಲಿ ಇಲ್ಲದ ಕವಲುಗಳೊಂದಿಗೆ ಹೋಗುತ್ತೆ. ಉಳಿದದ್ದು ತನ್ನ ಹಳೆ ಜಾಗದಲ್ಲಿ ನೇರ ಇರುತ್ತೆ. ಎದೆಮಟ್ಟದಲ್ಲಿ ಕತ್ತರಿಸಿ 3 ವಾರಕ್ಕೆ ಸೊಂಟದ ಭಾಗದ ಅಡ್ಡಸೀಳಿನಲ್ಲಿ, ಹಿಂಬದಿಯ ಸರಿಯಾದ ಮೂಲೆಯಲ್ಲಿ ಅಚ್ಚುಕಟ್ಟಾಗಿ ಬಣ್ಣ ಕಂಡರೆ ಸಂತೋಷಪಡಬೇಡಿ. ಅಷ್ಟು ಬೇಗ ಅಷ್ಟು ದೂರ ಅಷ್ಟು ನೀಟಾಗಿ ಯಾವ ಆಕ್ಸಾನೂ ಬೆಳೆಯಲ್ಲ. ಅಂಥ ಪ್ರಾಣಿಯನ್ನು ಲೆಕ್ಕದಿಂದ ತೆಗೆಯಬೇಕು, ಮತ್ತು ತೆಗೆಯುವವರಿಗೆ ಅದು ಯಾವ ಗುಂಪಿನದು ಅಂತ ಗೊತ್ತಿರಬಾರದು.

ಪಿಟೆನ್ ಪ್ರಯೋಗ ಓದುವಾಗ ಇನ್ನೆರಡು ನೋಡಿ. ಎಂಟಾರ್ ಚಟುವಟಿಕೆಯ ಗುರುತಾದ ಫಾಸ್ಫೊ-ಎಸ್6ಗೆ ಬಣ್ಣ ಹಾಕಿ ಎಂಟಾರ್ ನಿಜವಾಗಿ ಏರಿದೆ ಅಂತ ತೋರಿಸಿದ್ದಾರಾ? ಎಂಟಾರ್ ತಡೆಯುವ ರಾಪಮೈಸಿನ್ ಕೊಟ್ಟಾಗ ಪರಿಣಾಮ ಮಾಯವಾಗುತ್ತದಾ? ಎರಡೂ ಇಲ್ಲದಿದ್ದರೆ, ಪಿಟೆನ್ ತೆಗೆಯಲು ಬಳಸಿದ ವೈರಸ್ ಎಲ್ಲಿಗೆ ಹೋಯಿತು ಅನ್ನುವುದೇ ಅನುಮಾನ. ಎಎವಿ ವೈರಸ್‌ನಿಂದ ಜೀನ್ ಪೂರ್ತಿ ಚಲಾವಣೆಗೆ ಬರಲು 2-3 ವಾರ ಹಿಡಿಯುತ್ತೆ. ಗಾಯದ ದಿನವೇ ಚುಚ್ಚಿ ಮೊದಲ ವಾರದ ಸುಧಾರಣೆಯನ್ನು ಅದರ ಖಾತೆಗೆ ಬರೆಯುವಂತಿಲ್ಲ.

ರೋ-ಎ ಅಳೆಯುವವರು ರೋಟೆಕಿನ್ ಮಣಿಗಳಿಂದ ಚುರುಕಾದ ರೂಪವನ್ನು ಎಳೆದು ತೆಗೆಯುತ್ತಾರೆ. ಅಂಗಾಂಶ ಅರೆದ ಮೇಲೆ ಅದನ್ನು ಚುರುಕಾಗಿಟ್ಟಿದ್ದ ಜಿಟಿಪಿ ಅಣು ಬೇಗ ಜಿಡಿಪಿ ಆಗಿ ರೋ-ಎ ಆರಿಬಿಡುತ್ತೆ. ಎಲ್ಲವೂ ಮಂಜುಗಡ್ಡೆಯ ಮೇಲೆ, ನಿಮಿಷಗಳಲ್ಲಿ ಮುಗಿಯಬೇಕು. ತಡವಾದರೆ "ರೋ-ಎ ಇಳಿದಿದೆ" ಅನ್ನುವ ಫಲಿತಾಂಶ ತಾನಾಗಿಯೇ ಸಿಗುತ್ತೆ, ಔಷಧಿಯೇ ಬೇಡ.

ಕಾಂಡ್ರಾಯ್ಟಿನೇಸ್ ಅಡ್ಡಿಗಳು: 37 ಡಿಗ್ರಿಯಲ್ಲಿ ಕೆಲವೇ ದಿನದಲ್ಲಿ ಅದರ ಸಾಮರ್ಥ್ಯ ಕರಗುತ್ತೆ, ಕಲೆಯಾದರೋ ವಾರಗಟ್ಟಲೆ ಸಿಎಸ್‌ಪಿಜಿ ತಯಾರಿಸುತ್ತಲೇ ಇರುತ್ತೆ. ಹಾಗಾಗಿ ಇಲಿಗಳಲ್ಲಿ ಕ್ಯಾತಿಟರ್ ಇಟ್ಟು ಮತ್ತೆ ಮತ್ತೆ ಕೊಡುತ್ತಿದ್ದರು. 2010ರಲ್ಲಿ ಟ್ರೆಹಲೋಸ್ ಸಕ್ಕರೆ ಬೆರೆಸಿ ಕಿಣ್ವವನ್ನು ವಾರಗಳ ಕಾಲ ಬಾಳುವ ಹಾಗೆ ಮಾಡಿದರು. 2018ರಲ್ಲಿ ಲಂಡನ್ನಿನ ತಂಡ ಕಿಣ್ವದ ಜೀನನ್ನೇ ವೈರಸ್ಸಿನಲ್ಲಿ ಕೊಟ್ಟು, ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ತಿಂದರೆ ಮಾತ್ರ ಅದು ತಯಾರಾಗುವ ಹಾಗೆ ಸ್ವಿಚ್ ಇಟ್ಟಿತು. ಬ್ಯಾಕ್ಟೀರಿಯಾದ ಪ್ರೋಟೀನ್ ಆದ್ದರಿಂದ ನಮ್ಮ ದೇಹ ಅದರ ಮೇಲೆ ತಿರುಗಿಬೀಳುವ ಭಯ ಬೇರೆ. ಮತ್ತೆ ಇಲಿಯ ಹುರಿಗೆ ಸಾಕಾಗುವ ಒಂದು ಹನಿ ಮನುಷ್ಯರ ಹುರಿಯ ದಪ್ಪಕ್ಕೆ ಹರಡಲ್ಲ.

ಗಾಲಿಕುರ್ಚಿ_ಇಳಿಜಾರು

ಮನುಷ್ಯರ ಪ್ರಯೋಗಗಳ ಲೆಕ್ಕ ಸೇರಿಸುತ್ತೇನೆ. ಮನೆಯಲ್ಲಿ ಗಾಯಾಳು ಇರುವವರೂ ಇದನ್ನು ಓದುತ್ತಾರೆ.

ರೋ ದಾರಿ ಮುಚ್ಚುವ ಸೆಥ್ರಿನ್, ಆಮೇಲಿನ ಹೆಸರು ವಿಎಕ್ಸ್-210: ಬಾಟುಲಿನಂ ಬ್ಯಾಕ್ಟೀರಿಯಾದ ಸಿ3 ಕಿಣ್ವದಿಂದ ಮಾಡಿದ್ದು. ಆಪರೇಷನ್ ವೇಳೆ ಫೈಬ್ರಿನ್ ಅಂಟಿನಲ್ಲಿ ಬೆರೆಸಿ ಹುರಿಯ ಹೊದಿಕೆಯ ಮೇಲೆ ಹಚ್ಚುತ್ತಿದ್ದರು. ಮೊದಲ ಸಣ್ಣ ಪ್ರಯೋಗ ಆಸೆ ಹುಟ್ಟಿಸಿತು, ದೊಡ್ಡದು 2018ರಲ್ಲಿ ಮಧ್ಯಂತರ ಲೆಕ್ಕದಲ್ಲೇ ಫಲವಿಲ್ಲ ಅಂತ ನಿಂತಿತು.

ನೋಗೋ-ಎ ವಿರುದ್ಧದ ಎನ್‌ಜಿ101 ಆಂಟಿಬಾಡಿ: ಸ್ವಿಟ್ಜರ್ಲೆಂಡ್, ಜರ್ಮನಿ, ಸ್ಪೇನ್, ಚೆಕ್ ದೇಶಗಳ 13 ಆಸ್ಪತ್ರೆ, ಕುತ್ತಿಗೆ ಮಟ್ಟದ ಹೊಸ ಗಾಯದ 126 ಮಂದಿ. 4 ವಾರದಲ್ಲಿ ಬೆನ್ನಿನ ದ್ರವಕ್ಕೆ 6 ಚುಚ್ಚುಮದ್ದು, ಪ್ರತಿಯೊಂದೂ 45 ಮಿ.ಗ್ರಾಂ. 6 ತಿಂಗಳಿಗೆ ತೋಳು-ಕೈಯ ಬಲದ ಅಂಕದಲ್ಲಿ ಇಡೀ ಗುಂಪಿಗೆ ವ್ಯತ್ಯಾಸ ಬರಲಿಲ್ಲ. ಪೂರ್ತಿ ಅಲ್ಲದ ಗಾಯದವರಲ್ಲಿ ಲಾಭದ ಸುಳಿವು ಕಂಡಿದೆ. ಹುರಿಗಂಟು ಹೇಳಿದ ಮಾತಿಗೆ ಇದು ಹೊಂದುತ್ತೆ: ಕವಲೊಡೆಯಲು ಉಳಿದ ಆಕ್ಸಾನ್ ಇರಬೇಕಲ್ಲ. ಆದರೆ ಉಪಗುಂಪಿನ ಫಲಿತಾಂಶ ಮುಂದಿನ ಪ್ರಯೋಗಕ್ಕೆ ಪ್ರಶ್ನೆ ಆಗಬಹುದು, ಈಗಿನದಕ್ಕೆ ಉತ್ತರ ಆಗದು.

ಬೆಳೆಸುವುದು ಮಾತ್ರ ಗುರಿಯಾದರೆ ಅಪಾಯವೂ ಇದೆ. ಎನ್‌ಜಿಎಫ್ ಎಂಬ ನರ ಬೆಳೆಸುವ ಪ್ರೋಟೀನ್ ಕೊಟ್ಟ ಇಲಿಗಳಲ್ಲಿ ನೋವಿನ ನಾರುಗಳೂ ಚೆನ್ನಾಗಿ ಕವಲೊಡೆಯುತ್ತವೆ. ಎದೆಯ 6ನೇ ಮಟ್ಟಕ್ಕಿಂತ ಮೇಲಿನ ಗಾಯದಲ್ಲಿ ಮೂತ್ರಕೋಶ ತುಂಬಿದರೇ ಬಿಪಿ ಹಠಾತ್ತನೆ ಏರುವ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯ ಇದೆ. ಈ ದಾರಿತಪ್ಪಿದ ಕವಲು ಅದನ್ನು ಹೆಚ್ಚಿಸುತ್ತೆ. ಬಿಡಿಎನ್‌ಎಫ್ ಒಂದೇ ಕಡೆ ದಂಡಿಯಾಗಿ ಇಟ್ಟರೆ ಆಕ್ಸಾನ್ ಬೆಲ್ಲಕ್ಕೆ ಮುತ್ತಿದ ಇರುವೆಯ ಹಾಗೆ ಅಲ್ಲೇ ಸುತ್ತುತ್ತೆ, ಮುಂದೆ ಹೋಗಲ್ಲ.

"ಸ್ಟೆಮ್ ಸೆಲ್ ಹಾಕಿ ನರ ಕೂಡಿಸುತ್ತೇವೆ" ಅನ್ನುವ ಪ್ಯಾಕೇಜುಗಳ ಬಗ್ಗೆ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ರಕ್ತದ ಕಾಯಿಲೆಗಳಿಗೆ ಮಾಡುವ ಕಸಿ ಬಿಟ್ಟು ಉಳಿದೆಲ್ಲವನ್ನೂ ಅನುಮೋದಿತ ಪ್ರಯೋಗದಲ್ಲಿ ಮಾತ್ರ ಮಾಡಬಹುದು ಅನ್ನುತ್ತೆ. ಕೇಳಬೇಕಾದ್ದು ಸಿಟಿಆರ್‌ಐ (ದೇಶದ ಕ್ಲಿನಿಕಲ್ ಪ್ರಯೋಗಗಳ ದಾಖಲೆಪಟ್ಟಿ) ನೋಂದಣಿ ಸಂಖ್ಯೆ. ಅದನ್ನು ಸಿಟಿಆರ್‌ಐ ತಾಣದಲ್ಲಿ ನೀವೇ ಹಾಕಿ ನೋಡಿ, ಯಾವ ಮಟ್ಟದ ಗಾಯಕ್ಕೆ, ಎಷ್ಟು ದಿನದೊಳಗೆ ಅಂತ ಓದಿ. ಲಕ್ಷಗಟ್ಟಲೆ ಕೇಳಿದರೆ ಅದು ಪ್ರಯೋಗ ಅಲ್ಲ, ವ್ಯಾಪಾರ. ಆ ದುಡ್ಡು ಒತ್ತುಹುಣ್ಣು ತಡೆಯುವ ಕುಶನ್, ಮೂತ್ರಕೋಶದ ಸರಿಯಾದ ನಿರ್ವಹಣೆ, ಬಿಡದ ಫಿಸಿಯೋಥೆರಪಿಗೆ ಹೋದರೆ ಆಯುಷ್ಯಕ್ಕೇ ಉಪಯೋಗ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ ಪುನರ್ವಸತಿ ವಿಭಾಗವೇ ಇದೆ.

ಕೋಶಕೇಂದ್ರ

ಒಂದು ಲೆಕ್ಕ ಬಿಟ್ಟುಹೋಗಿತ್ತು. ವಯಸ್ಕರ ಬೆನ್ನುಹುರಿ ಸುಮಾರು 45 ಸೆಂ.ಮೀ. ಕುತ್ತಿಗೆಯ ಗಾಯದಿಂದ ಕಾಲು ನಡೆಸುವ ಸೊಂಟದ ಭಾಗಕ್ಕೆ 30 ಸೆಂ.ಮೀ. ಹಿಡಿದರೂ, ದಿನಕ್ಕೆ 1 ಮಿ.ಮೀ. ಬೆಳೆದರೆ 300 ದಿನ. ಮೌಸ್‌ನ ಇಡೀ ಹುರಿಯೇ 4-5 ಸೆಂ.ಮೀ. "ಗಾಯ ದಾಟಿ 3 ಮಿ.ಮೀ." ಅಲ್ಲಿ ದೊಡ್ಡ ಸುದ್ದಿ, ನಮಗೆ ಹೊಸ್ತಿಲು ದಾಟಿದಷ್ಟು. ಹೋದರೂ ಸರಿಯಾದ ಮನೆ ಸೇರಬೇಕು. 2018ರಲ್ಲಿ ಒಳಗಿನ ಬೆಳವಣಿಗೆ, ದಾರಿ, ಸೆಳೆತ ಮೂರನ್ನೂ ಒದಗಿಸಿ ಆಕ್ಸಾನ್‌ಗಳನ್ನು ಪೂರ್ಣ ಗಾಯ ದಾಟಿಸಿದರು, ಪ್ರಾಣಿ ನಡೆಯಲಿಲ್ಲ. 2023ರಲ್ಲಿ ಲೊಸಾನ್‌ನ ತಂಡ ನಡಿಗೆಗೆ ಬೇಕಾದ ಒಂದು ನಿರ್ದಿಷ್ಟ ಜಾತಿಯ ನರಕೋಶ ಗುರುತಿಸಿ, ಅದರ ಆಕ್ಸಾನನ್ನು ಜಿಡಿಎನ್‌ಎಫ್ ಸೆಳೆತದಿಂದ ಅದರ ಸಹಜ ಗುರಿಗೇ ತಲುಪಿಸಿದಾಗ ಮೌಸ್ ಮತ್ತೆ ನಡೆಯಿತು.

ಉದ್ದಕ್ಕೆ ಬೆಳೆಸದೆಯೂ ಒಂದು ದಾರಿ ಇದೆ. ಹುರಿಯೊಳಗೇ ಹುಟ್ಟಿ ಅಲ್ಲೇ ಮುಗಿಯುವ ಗಿಡ್ಡ ನರಕೋಶಗಳು ಸುದ್ದಿಯನ್ನು ಕೈಯಿಂದ ಕೈಗೆ ದಾಟಿಸಬಲ್ಲವು. ಗಾಯದ ನಂತರ ಕೆಸಿಸಿ2 ಎಂಬ ಕ್ಲೋರೈಡ್ ಪಂಪ್ ಪ್ರೋಟೀನ್ ಕಡಿಮೆಯಾಗಿ ಇವುಗಳ ಸಮತೋಲ ಕೆಡುತ್ತೆ, ಸುಮ್ಮನಿರಿಸಬೇಕಾದ ಸಂಕೇತ ಸುಮ್ಮನಿರಿಸದೆ ಹೋಗುತ್ತೆ. 2018ರಲ್ಲಿ ಸಿಎಲ್‌ಪಿ290 ಎಂಬ ಸಣ್ಣ ಅಣುವಿನಿಂದ ಕೆಸಿಸಿ2 ಚುರುಕುಗೊಳಿಸಿದಾಗ, ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಮಟ್ಟದಲ್ಲಿ ಅರ್ಧ ಕತ್ತರಿಸಿದ ಹುರಿಯ ಮೌಸ್‌ಗಳು ಹಿಂಗಾಲು ಊರಿ ಹೆಜ್ಜೆ ಹಾಕಿದವು. ಎರಡು ಸೀಳುಗಳ ನಡುವೆ ಉಳಿದ ಅಂಗಾಂಶ ಇದ್ದದ್ದರಿಂದ ಅದು ಸಾಧ್ಯವಾಯಿತು. ಪೂರ್ತಿ ತುಂಡಾದ ಹುರಿಗೆ ಇದು ಒದಗಲ್ಲ.

ಹುರಿಗಂಟು

ತುಂಗಾತೀರ, ನಿಮ್ಮ ಮೊದಲ ಸಾಲಿಗೊಂದು ತಿದ್ದುಪಡಿ. ಕೈಯ ನರದ ದಿನಕ್ಕೆ 1 ಮಿ.ಮೀ. ಲೆಕ್ಕವೂ ಸದಾ ನಡೆಯಲ್ಲ. ಆಕ್ಸಾನ್ ಬರದೆ ತಿಂಗಳುಗಟ್ಟಲೆ ಖಾಲಿ ಬಿದ್ದ ಶ್ವಾನ್ ಕೋಶಗಳಲ್ಲಿ ಸಿ-ಜುನ್ ಇಳಿಯುತ್ತಾ ಹೋಗುತ್ತೆ, ಆ ದಾರಿಯೂ ಹಾಳು ಬೀಳುತ್ತೆ. ತೋಳಿನ ಬುಡದಲ್ಲಿ ತುಂಡಾದ ನರ ಬೆರಳಿನ ಸ್ನಾಯು ತಲುಪುವಷ್ಟರಲ್ಲಿ ಸ್ನಾಯುವೇ ಸೊರಗಿರುತ್ತೆ. ಕೈ ಸರ್ಜನ್‌ಗಳು ಬೇಗ ಹೊಲಿಯಿರಿ ಅನ್ನುವುದು, ಕೆಲವೊಮ್ಮೆ ಹತ್ತಿರದ ಬೇರೊಂದು ನರವನ್ನೇ ತಿರುಗಿಸಿ ಜೋಡಿಸುವುದು ಇದಕ್ಕೇ.